ಎಮಿಲಿ ಡಿಕಿನ್ಸನ್ ಮನೆ, ಪಕ್ಕದಲ್ಲೇ ಸೂಸನ್ ಮನೆ

ಬಾಸ್ಟನ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಆಮ್ಹರ್ಸ್ಟ್ ಸಿಗುತ್ತದೆ. ಕಾಲೇಜುಗಳ ಊರು. ನಾವು ಹೋಗಿದ್ದು ಕವಿ ಎಮಿಲಿ ಡಿಕಿನ್ಸನ್ ಮನೆ ನೋಡಲಿಕ್ಕೇ. ಮೇನ್ ಸ್ಟ್ರೀಟಿನ ಇಟ್ಟಿಗೆ ಮನೆ, ಹೆಸರು ಹೋಮ್‌ಸ್ಟೆಡ್. ಅವಳು 1830ರಲ್ಲಿ ಹುಟ್ಟಿದ್ದೂ 1886ರಲ್ಲಿ ತೀರಿಕೊಂಡಿದ್ದೂ ಇಲ್ಲೇ.

ಮಹಡಿಯ ಮೂಲೆ ಕೋಣೆ ಅವಳದು. ಗೋಡೆ ತುಂಬಾ ಗುಲಾಬಿ ಹೂವಿನ ಕಾಗದ, ಜೊತೆಗೆ ಒಂದು ಪುಟ್ಟ ಮೇಜು. ಅಸಲಿ ಮೇಜು ಹಾರ್ವರ್ಡ್‌ನಲ್ಲಿದೆ, ಇದು ಅದರ ಪ್ರತಿ. ಹಾಳೆ, ಮಸಿ ಕುಡಿಕೆ, ದೀಪ ಇಟ್ಟರೆ ಮೊಣಕೈ ಊರಲಿಕ್ಕೂ ಜಾಗ ಉಳಿಯುವುದಿಲ್ಲ! ಸುಮಾರು 1800 ಪದ್ಯ ಬರೆದವಳು, ಬದುಕಿದ್ದಾಗ ಅಚ್ಚಾಗಿದ್ದು ಹತ್ತೋ ಹನ್ನೊಂದೋ, ಅವೂ ಹೆಸರಿಲ್ಲದೆ.

ನನಗೆ ಪದ್ಯಗಳಷ್ಟೇ ಅವಳ ಕಾಗದಗಳೂ ಇಷ್ಟ. 1862ರಲ್ಲಿ ಹಿಗಿನ್ಸನ್ ಎಂಬ ಲೇಖಕರಿಗೆ, ನನ್ನ ಪದ್ಯಕ್ಕೆ ಜೀವ ಇದೆಯಾ ಹೇಳಿ ಅಂತ ಬರೆದಳು. ಕಾಗದಕ್ಕೆ ಸಹಿ ಇಲ್ಲ. ಹೆಸರು ಬರೆದ ಚೀಟಿಯನ್ನು ಒಳಗೇ ಇನ್ನೊಂದು ಪುಟ್ಟ ಲಕೋಟೆಯಲ್ಲಿಟ್ಟಿದ್ದಳು. ಅಲ್ಲಿಂದ ಸಾಯುವವರೆಗೂ ಅವರಿಗೆ ಬರೆಯುತ್ತಲೇ ಇದ್ದಳು, ಭೇಟಿಯಾಗಿದ್ದು ಮಾತ್ರ ಎರಡೇ ಸಲ.

ಕೋಣೆಯ ಪಶ್ಚಿಮದ ಕಿಟಕಿಯಿಂದ ಎವರ್‌ಗ್ರೀನ್ಸ್ ಕಾಣುತ್ತದೆ, ಅಣ್ಣ ಆಸ್ಟಿನ್ ಮತ್ತು ಅತ್ತಿಗೆ ಸೂಸನ್ ಇದ್ದ ಮನೆ. ನಡೆದರೆ ಎರಡು ನಿಮಿಷ. ಆ ಅತ್ತಿಗೆಗೇ ಅವಳು 250ಕ್ಕೂ ಜಾಸ್ತಿ ಕಾಗದ, ಪದ್ಯ ಕಳಿಸಿದ್ದಾಳೆ.

ಎಮಿಲಿ ಹೋದ ಮೇಲೆ ತಂಗಿ ಲವಿನಿಯಾ, ಅಕ್ಕನಿಗೆ ಬಂದಿದ್ದ ಕಾಗದಗಳನ್ನೆಲ್ಲ ಸುಟ್ಟಳು. ಆ ಕಾಲದಲ್ಲಿ ಅದು ರೂಢಿ, ಆದರೂ ನನಗೆ ಈಗಲೂ ಸಂಕಟವಾಗುತ್ತದೆ. ಸೂಸನ್ ಏನು ಬರೆದಿದ್ದಳೋ ಹೆಚ್ಚುಕಮ್ಮಿ ಎಲ್ಲವೂ ಹೋಯಿತು. 1861ರ ಒಂದು ಚೀಟಿ ಉಳಿದಿದೆ. ಒಂದು ಪದ್ಯದ ಎರಡನೇ ಚರಣ ಒಪ್ಪಿಗೆಯಾಗಲಿಲ್ಲ ಅಂತ ಸೂಸನ್ ನೇರವಾಗಿ ಬರೆದಿದ್ದಾಳೆ, ಎಮಿಲಿ ಬೇರೆ ಚರಣ ಬರೆದು ಕಳಿಸಿದ್ದಾಳೆ. ಬಾಗಿಲು ಹಾಕಿಕೊಂಡು ಒಬ್ಬಳೇ ಬರೆಯುತ್ತಿದ್ದ ಹೆಂಗಸು ಅಂತ ಎಲ್ಲರೂ ಹೇಳುತ್ತಾರಲ್ವಾ, ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಪಕ್ಕದ ಮನೆಯಲ್ಲೇ ಅಷ್ಟು ಖಡಕ್ಕಾಗಿ ಓದುವವಳಿದ್ದಳು.

ಅದಕ್ಕೇ ಹೋಗುವವರು ಎವರ್‌ಗ್ರೀನ್ಸ್ ಬಿಡಬೇಡಿ. ಹೋಮ್‌ಸ್ಟೆಡ್ ರಿಪೇರಿಯಾಗಿ ಹೊಸದಾಗಿ ಹೊಳೆಯುತ್ತದೆ. ಇಲ್ಲಿ ಹಾಗಲ್ಲ, ಗೋಡೆ ಮಾಸಿದೆ, ಮನೆಯವರ ಸಾಮಾನೇ ಇದೆ. ಸೂಸನ್ ಮಗ ಗಿಲ್ಬರ್ಟ್ 1883ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡಿದ್ದು ಈ ಮನೆಯಲ್ಲಿ, ಎಂಟೇ ವರ್ಷಕ್ಕೆ. ಎಷ್ಟೋ ವರ್ಷದಿಂದ ಈ ಕಡೆ ಕಾಲಿಡದಿದ್ದ ಎಮಿಲಿ ಆ ರಾತ್ರಿ ಬಂದಿದ್ದಳು. ಆಮೇಲೆ ಸೂಸನ್‌ಗೆ ಬರೆದ ಕಾಗದವನ್ನು ಓದಿಕೊಂಡೇ ಹೋಗಿ.