ಒಂದೇ ಕಡೆಗೆ ತಿರುಗುವ ಬೆಜೆಲ್

ಇವತ್ತು ಕಾಸರಗೋಡು ಪೇಟೆಯಲ್ಲಿ ಒಂದು ಸೀಕೊ ಡೈವ್ ವಾಚ್, ಅಂದರೆ ನೀರಿನಾಳಕ್ಕೆ ಇಳಿಯುವವರ ವಾಚ್, ಕೈಗೆ ಕಟ್ಟಿ ನೋಡಿದೆ. ಸೀಕೊದ ಮೊದಲ ಡೈವರ್ ವಾಚ್ ಬಂದದ್ದು 1965ರಲ್ಲಿ. ಅದೇ ರೂಪ ಇಟ್ಟುಕೊಂಡು ಈಗ ಮಾಡಿದ್ದು ಇದು. ಆಗಿನದು 150 ಮೀಟರ್ ಆಳಕ್ಕೆ, ಇದು 200ಕ್ಕೆ.

ಗಾಜಿನ ಸುತ್ತ ಇರುವ ಬಳೆ, ಅದೇ ಬೆಜೆಲ್, ತಿರುಗಿಸಿದೆ. ಟಿಕ್, ಟಿಕ್, ಟಿಕ್. ಎಡಕ್ಕೆ ಮಾತ್ರ. ಬಲಕ್ಕೆ ಎಷ್ಟು ಒತ್ತಿದರೂ ಅಲ್ಲಾಡುವುದಿಲ್ಲ.

ನೀರಿಗಿಳಿಯುವಾಗ ಬೆಜೆಲ್ಲಿನ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಡುತ್ತಾರೆ. ಆಮೇಲೆ ಎಲ್ಲಾದರೂ ತಾಗಿ ಅದು ಜಾರಿದರೂ, ಕಳೆದ ಹೊತ್ತು ಜಾಸ್ತಿ ಕಾಣುತ್ತದೆ, ಕಮ್ಮಿ ಕಾಣುವುದಿಲ್ಲ. ನೀರೊಳಗಿದ್ದವರು ಬೇಗ ಮೇಲೆ ಬರುತ್ತಾರೆ. ತಪ್ಪಿದರೂ ಜೀವ ಉಳಿಯುವ ಕಡೆಗೇ ತಪ್ಪಲಿ ಅಂತ ಯಾರೋ ಕೂತು ಯೋಚಿಸಿದ್ದಾರೆ ಅಲ್ವಾ? ನನಗೆ ಈ ವಾಚುಗಳ ಮೇಲೆ ಪ್ರೀತಿ ಅದಕ್ಕೇ.

ಪಕ್ಕದಲ್ಲಿದ್ದ ಇನ್ನೊಂದಕ್ಕೆ ಗುರುತುಗಳ ಮೇಲೆ ಬೇಕಂತಲೇ ಹಳದಿ ಬಣ್ಣ. ಹಳೇ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲು ಹಚ್ಚುತ್ತಿದ್ದ ಟ್ರಿಟಿಯಂ ಬಣ್ಣ ವರ್ಷ ಕಳೆದಂತೆ ಹಾಗಾಗುತ್ತಿತ್ತು. ಅದು ನನಗೆ ಬೇಡ. ಆಕಾರ ಹಳೆಯದಿರಲಿ, ಹಳೆತನ ನನ್ನ ಕೈಮೇಲೇ ಬರಲಿ.

ಮನೆಯಲ್ಲಿ ಅಪ್ಪನ ಕೀ ಕೊಡುವ ಎಚ್‌ಎಂಟಿ ಇದೆ, ದಿನಾ ಕಟ್ಟುವ ಒಂದು ಬ್ಯಾಟರಿಯ ಕ್ವಾರ್ಟ್ಜ್ ಇದೆ. ನಮ್ಮ ಮಳೆಗೆ ಎರಡೂ ಆಗುವುದಿಲ್ಲ. ಆಟಿ ತಿಂಗಳಲ್ಲಿ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮೂರನೆಯದು ಡೈವ್ ವಾಚೇ, ಪಟ್ಟಿ ರಬ್ಬರಿನದೇ.

ಕಟ್ಟಿ ನೋಡಿದ ಆ ಸೀಕೊಗೆ ಬೂದುಬಣ್ಣದ ಡಯಲ್. ಅಗಲ 40.5 ಮಿಲಿಮೀಟರ್, ನನ್ನ ಸಣ್ಣ ಕೈಗೆ ಸರಿಯಾಗಿ ಕೂರುತ್ತದೆ. ಬೋನಸ್ ಬಂದ ಕೂಡಲೇ ತರುತ್ತೇನೆ.