ನಾಯಿ ಕಥೆಗೆ ಮೂರು ವಾರ ಬೇಕಾ?

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಪ್ರತಿ ವರ್ಷ ಒಬ್ಬರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. "ಮೇಡಂ, ಒಂದು ನಾಯಿ ಕಥೆಗೆ ಮೂರು ವಾರ ಬೇಕಾ?" ಹೈಸ್ಕೂಲ್ ಇಂಗ್ಲಿಷ್ ಕ್ಲಾಸಿನಲ್ಲಿ ನಾನು ಅಮೆರಿಕದ ಲೇಖಕ ಜ್ಯಾಕ್ ಲಂಡನ್‌ನ 'ದಿ ಕಾಲ್ ಆಫ್ ದಿ ವೈಲ್ಡ್' ಪಾಠ ಮಾಡುತ್ತೇನೆ. 1903ರ ಕಾದಂಬರಿ. ಏಳೇ ಅಧ್ಯಾಯ, ತೆಳ್ಳಗಿನ ಪುಸ್ತಕ. ಕೇಳುವವರದ್ದು ತಪ್ಪಲ್ಲ. ಕೆಲವರು "ಕೊನೆಗೆ ಇದರ ನೀತಿ ಏನು ಅಂತ ಬರೀಬೇಕು?" ಅಂತಲೂ ಕೇಳುತ್ತಾರೆ. ಎರಡಕ್ಕೂ ನನ್ನ ಉತ್ತರ ಒಂದೇ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಥೆ ಇಷ್ಟು. ಬಕ್ ಅನ್ನೋದು ಕ್ಯಾಲಿಫೋರ್ನಿಯಾದ ಜಡ್ಜ್ ಒಬ್ಬರ ಮನೆಯಲ್ಲಿ ಹಾಯಾಗಿ ಬೆಳೆದ ನಾಯಿ. ತೂಕ 140 ಪೌಂಡ್, ಅಂದರೆ 63 ಕೆಜಿ ಹತ್ತಿರ. ತೋಟದ ಆಳು ಅದನ್ನು ಕದ್ದು ಮಾರುತ್ತಾನೆ. ಕೈಯಿಂದ ಕೈಗೆ ದಾಟಿ ಬಕ್ ಉತ್ತರದ ಹಿಮದಲ್ಲಿ ಗಾಡಿ ಎಳೆಯುವ ನಾಯಿಯಾಗುತ್ತದೆ. ಕೊನೆಗೆ ತೋಳಗಳ ಹಿಂಡು ಸೇರುತ್ತದೆ.

ಇದು ನ್ಯಾಚುರಲಿಸ್ಟ್ ಕಾದಂಬರಿ ಅಂದ ಕೂಡಲೇ ಕಾಡು, ಪ್ರಾಣಿ, ಪಕ್ಷಿ ಅಂದುಕೊಳ್ಳುವವರೇ ಜಾಸ್ತಿ. ಆ ಹೆಸರಿಗೂ ಕಾಡಿಗೂ ಸಂಬಂಧ ಇಲ್ಲ. ಕಾದಂಬರಿಕಾರ ಲ್ಯಾಬಿನಲ್ಲಿ ಪ್ರಯೋಗ ಮಾಡುವವನ ಹಾಗೆ ಕೆಲಸ ಮಾಡಬೇಕು ಅಂತ ಫ್ರಾನ್ಸಿನ ಎಮಿಲ್ ಜೋಲಾ 1880ರಲ್ಲಿ ಬರೆದ. ಒಂದು ಜೀವವನ್ನು ಒಂದು ಪರಿಸ್ಥಿತಿಯಲ್ಲಿ ಇಡು. ಹುಟ್ಟಿನಿಂದ ಬಂದ ಗುಣ, ಹಸಿವು, ದುಡ್ಡು, ಸುತ್ತಲಿನ ಬದುಕು ಎಲ್ಲ ಸೇರಿ ಅದನ್ನು ಏನು ಮಾಡುತ್ತವೆ ನೋಡು. ಒಳ್ಳೆಯವನು ಗೆದ್ದ, ಕೆಟ್ಟವನು ಸೋತ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಜೋಲಾನ ಕಾದಂಬರಿಗಳು ಈ ವಯಸ್ಸಿಗೆ ಭಾರ. ನಾಯಿಯನ್ನಾದರೆ ಮಕ್ಕಳು ಕೇಳದೆಯೇ ಎತ್ತಿಕೊಳ್ಳುತ್ತಾರೆ.

ಮೊದಲ ದಿನ ಒಂದೇ ವಾಕ್ಯ ಓದುತ್ತೇವೆ. ಬಕ್ ಪೇಪರ್ ಓದುತ್ತಿರಲಿಲ್ಲ, ಓದಿದ್ದರೆ ತನಗೆ ಗ್ರಹಚಾರ ಕಾದಿದೆ ಅಂತ ಗೊತ್ತಾಗುತ್ತಿತ್ತು ಅಂತ ಕಥೆ ಶುರುವಾಗುತ್ತದೆ. ಮಕ್ಕಳು ನಗುತ್ತಾರೆ. ಪೇಪರಿನಲ್ಲಿ ಏನಿತ್ತು? 1896ರಲ್ಲಿ ಕೆನಡಾದ ಉತ್ತರದ ಕ್ಲೋಂಡೈಕ್ ಕಡೆ ಚಿನ್ನ ಸಿಕ್ಕಿತು. ಮರುವರ್ಷ ಸುದ್ದಿ ಹಬ್ಬಿ ಸಾವಿರಾರು ಜನ ಅತ್ತ ಓಡಿದರು. ಹಿಮದಲ್ಲಿ ಸಾಮಾನು ಎಳೆಯಲು ಗಟ್ಟಿ ನಾಯಿಗಳು ಬೇಕಾದವು. ಎಲ್ಲೋ ದೂರದಲ್ಲಿ ಯಾರೋ ನೆಲ ಅಗೆದಿದ್ದಕ್ಕೆ ಇಲ್ಲಿ ಜಗಲಿ ಮೇಲೆ ಮಲಗಿದ್ದ ನಾಯಿಯ ಬದುಕು ಮಗುಚಿತು. ಲಂಡನ್ ಕೂಡ 1897ರಲ್ಲಿ, 21ನೇ ವಯಸ್ಸಿನಲ್ಲಿ ಆ ಓಟದಲ್ಲಿ ಇದ್ದ. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆ ಬಂದು ಮರುವರ್ಷ ವಾಪಸ್ ಬಂದ.

ಆಮೇಲೆ ಬೋರ್ಡಿನ ಮೇಲೆ ಗೆರೆ ಎಳೆಯುತ್ತೇನೆ. ಒಂದು ಕಡೆ 'ಬಕ್ ಮಾಡಿದ್ದು'. ಇನ್ನೊಂದು ಕಡೆ 'ಬಕ್‌ಗೆ ಆಗಿದ್ದು'. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಎರಡನೇ ಕಡೆ ತುಂಬಿ ತುಳುಕುತ್ತದೆ. ಹಗ್ಗ, ಪಂಜರ, ದೊಣ್ಣೆ. ಕದ್ದು ಮಾರಿದ ಆಳನ್ನು ಎಲ್ಲರೂ ಬೈಯುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಅವನಿಗೆ ಜೂಜಿನ ಚಟ. ಮನೆ ತುಂಬ ಮಕ್ಕಳು, ಕೂಲಿ ಸಾಲದು ಅಂತ ಬರೆದಿದೆ. ಅವನಿಗೂ ಒಂದು ಬೋರ್ಡ್ ಬೇಕಲ್ವಾ?" ಬೇಕು. ಅದನ್ನೇ ನಾನು ಕಾಯುತ್ತಿದ್ದೆ.

ನಿಜವಾದ ಜಗಳ ಎರಡನೇ ಅಧ್ಯಾಯದ ಬೇಕನ್ ಕಳ್ಳತನದ್ದು. ಹೊಸ ನಾಯಿ ಪೈಕ್, ಯಜಮಾನ ಬೆನ್ನು ತಿರುಗಿಸಿದಾಗ ಒಂದು ಚೂರು ಮಾಂಸ ಲಪಟಾಯಿಸುತ್ತದೆ. ಬಕ್ ನೋಡುತ್ತದೆ. ಮಾರನೇ ದಿನ ತಾನು ಇಡೀ ತುಂಡನ್ನೇ ಎತ್ತುತ್ತದೆ. ಸಿಕ್ಕಿಬೀಳುವುದಿಲ್ಲ. ಏಟು ಬೀಳುವುದು ಡಬ್ ಅನ್ನುವ ಪೆದ್ದು ನಾಯಿಗೆ. ಅದು ಯಾವಾಗಲೂ ಸಿಕ್ಕಿಬೀಳುವ ಜಾತಿ, ಹಾಗಾಗಿ ಅನುಮಾನ ನೇರ ಅದರ ಮೇಲೆ. ಲಂಡನ್ ಬಕ್‌ಗೆ ಶಿಕ್ಷೆ ಕೊಡುವುದಿಲ್ಲ. ಬದಲಿಗೆ, ಈ ನೆಲದಲ್ಲಿ ಬದುಕಲು ಬಕ್ ಲಾಯಕ್ಕು ಅಂತ ಗೊತ್ತಾಗಿದ್ದೇ ಈ ಕಳ್ಳತನದಿಂದ ಅನ್ನುತ್ತಾನೆ.

ಈಗ ಇದನ್ನು ಯಾವ ಕಡೆ ಬರೆಯೋಣ? ಮಾಡಿದ್ದಾ, ಆಗಿದ್ದಾ? ಹಸಿವು ಮಾಡಿಸಿತು ಅಂತ ಅರ್ಧ ಕ್ಲಾಸು. ಹಸಿವು ಎಲ್ಲಾ ನಾಯಿಗಳಿಗೂ ಇತ್ತಲ್ಲ ಅಂತ ಇನ್ನರ್ಧ. ಮೂರು ವಾರದಲ್ಲಿ ಒಂದು ಪೂರ್ತಿ ಪೀರಿಯಡ್ ಇಲ್ಲೇ ಹೋಗುತ್ತದೆ, ಹೋಗಲಿ. ಯಾರು ತಪ್ಪು ಮಾಡಿದರು ಅಂತ ಕೇಳಿ ಅಭ್ಯಾಸವಾದ ಮಕ್ಕಳು ಆ ಹೊತ್ತಿಗೆ, ಇದನ್ನು ಮಾಡಿಸಿದ್ದು ಯಾವುದು ಅಂತ ಕೇಳಲು ಶುರು ಮಾಡಿರುತ್ತಾರೆ. ನೀತಿ ಏನು ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ಈ ಪುಸ್ತಕದಲ್ಲಿ ನೀತಿ ಇಲ್ಲ, ಈ ಪ್ರಶ್ನೆ ಇದೆ.

ಹಾಗಂತ ಲಂಡನ್ ಹೇಳಿದ್ದೆಲ್ಲ ವೇದವಾಕ್ಯ ಅಂತ ಒಪ್ಪಿಸುವುದಿಲ್ಲ. ಬೆಂಕಿಯ ಪಕ್ಕ ಮಲಗಿದ ಬಕ್ ಕಣ್ಣಿಗೆ ಮೈತುಂಬ ಕೂದಲಿನ ಆದಿಮಾನವ ಕಾಣುತ್ತಾನೆ. ಪೂರ್ವಜರ ನೆನಪು ರಕ್ತದಲ್ಲಿ ಬಂದಿದೆಯಂತೆ. ಬಯಾಲಜಿ ಓದುವ ಯಾರಾದರೂ ಇಲ್ಲಿ ಅವನನ್ನು ಹಿಡಿದೇ ಹಿಡಿಯುತ್ತಾರೆ, ಕಂಡ ದೃಶ್ಯದ ನೆನಪು ಹಾಗೆಲ್ಲ ಇಳಿದು ಬರುವುದಿಲ್ಲ ಅಂತ. ಕೊನೆಯಲ್ಲಿ ಬರುವ ಯೀಹ್ಯಾಟ್ ಅನ್ನುವ ಮೂಲನಿವಾಸಿ ಜನ ಲಂಡನ್‌ನ ಕಲ್ಪನೆ, ಬರೀ ಶತ್ರುಗಳಾಗಿ ಬಂದು ಹೋಗುತ್ತಾರೆ. ಅಲ್ಲಿ ನಿಜವಾಗಿ ಬದುಕುತ್ತಿದ್ದ ಹಾನ್ ಜನರ ಮಾತಿನಿಂದಲೇ ಕ್ಲೋಂಡೈಕ್ ಅನ್ನುವ ಹೆಸರು ಬಂದದ್ದು. ಅವರ ಸುದ್ದಿಯೇ ಇಲ್ಲ. ಈ ಲ್ಯಾಬಿನ ತೊಂದರೆಯೇ ಅದು. ಪ್ರಯೋಗ ಮಾಡುವವನೂ ಅವನೇ, ರಿಸಲ್ಟ್ ಬರೆಯುವವನೂ ಅವನೇ.

ಡೇವ್ ಸಾಯುವ ಭಾಗವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಹುಷಾರಿಲ್ಲದ ಆ ನಾಯಿಯನ್ನು ಗಾಡಿಯಿಂದ ಬಿಚ್ಚುತ್ತಾರೆ. ಅದು ತನ್ನ ಜಾಗದಲ್ಲಿದ್ದ ನಾಯಿಯ ಪಟ್ಟಿ ಕಚ್ಚಿ ಹರಿದು, ಗಾಡಿಯ ಮುಂದೆ ತನ್ನ ಜಾಗದಲ್ಲಿ ಬಂದು ನಿಲ್ಲುತ್ತದೆ. ಅದರ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಬೋರ್ಡಿನಲ್ಲೂ ಏನೂ ಬರೆಯುವುದಿಲ್ಲ.

ಹೋದ ವರ್ಷ ಐದನೇ ಅಧ್ಯಾಯಕ್ಕೆ ಬಂದಿದ್ದೆವು. ಹೊಸ ಯಜಮಾನರಿಗೆ ಹಿಮ ಗೊತ್ತಿಲ್ಲ. ಒಂದೇ ಗಾಡಿಗೆ ಹದಿನಾಲ್ಕು ನಾಯಿ ಕಟ್ಟುತ್ತಾರೆ. ನಾಯಿಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದ್ದಾರೆ. ಹದಿನಾಲ್ಕು ನಾಯಿಯ ಊಟ ಒಂದು ಗಾಡಿಯಲ್ಲಿ ಹಿಡಿಸುವುದಿಲ್ಲ ಅನ್ನುವುದು ಮಾತ್ರ ಹೊಳೆದಿಲ್ಲ. ಕ್ಲಾಸು ನಗುತ್ತಿತ್ತು. ಮಾತೇ ಆಡದ ಒಬ್ಬ ಹುಡುಗ ಮುಂದಿನ ಪುಟಕ್ಕೆ ಹೋಗಿಬಿಟ್ಟಿದ್ದ. "ಮಿಸ್, ಡಬ್" ಅಂದ. ಮೊದಲು ಹೋಗಿದ್ದು ಡಬ್. ಭುಜ ಉಳುಕಿತ್ತು, ಯಾರೂ ನೋಡಲಿಲ್ಲ, ಗುಂಡು ಹೊಡೆದರು. "ಬಕ್ ಕದ್ದಿದ್ದಕ್ಕೆ ಏಟು ತಿಂದಿದ್ದು ಇದೇ ಅಲ್ವಾ? ಇಲ್ಲೂ ಅದನ್ನ ಪಾಪದ ಕಳ್ಳ ಅಂತಾನೇ ಬರೆದಿದ್ದಾರೆ."

ಅವನೇ ಎದ್ದು ಬಂದು ಬೋರ್ಡಿನ ಮೂಲೆಯಲ್ಲಿ ಇನ್ನೊಂದು ಗೆರೆ ಎಳೆದ. ಮೇಲೆ 'ಡಬ್' ಅಂತ ಬರೆದ. ಚಾಕ್ ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಬೆಲ್ ಆಯಿತು.