ಬೆಳಕು ಮಾಡುವ ಗುಣಾಕಾರ

ನವಿ ಮುಂಬಯಿಯ ಐರೋಲಿ, ರಬಾಳೆ ಕಡೆ ಡೇಟಾ ಸೆಂಟರ್‌ಗಳು ಹೆಚ್ಚುತ್ತಲೇ ಇವೆ. ಒಳಗಿನ ಯಂತ್ರಗಳಿಗೂ ವಿದ್ಯುತ್ತು ಬೇಕು, ಅವುಗಳ ಬಿಸಿ ಇಳಿಸಲೂ ಬೇಕು. ಈ ಹಸಿವು ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಅದಕ್ಕೇ ವಿದ್ಯುತ್ತು ಉಳಿಸಬಹುದಾದ, ಬೆಳಕಿನಿಂದ ಲೆಕ್ಕ ಮಾಡುವ ಚಿಪ್‌ಗಳ ಮೇಲೆ ನನಗೆ ಇಷ್ಟು ಆಸೆ. ಕೃತಕ ಬುದ್ಧಿಮತ್ತೆಯ ಹಿಂದಿರುವ ಲೆಕ್ಕದ ಜಾಲ, ಅಂದರೆ ನ್ಯೂರಲ್ ನೆಟ್‌ವರ್ಕ್‌ನ ಕೆಲಸದಲ್ಲಿ ಬಹುಪಾಲು ಗುಣಿಸುವುದು, ಕೂಡುವುದು. ಸಿಲಿಕಾನ್‌ನಲ್ಲಿ ಕೊರೆದ ನವಿರು ದಾರಿಗಳಲ್ಲಿ ಲೇಸರ್ ಬೆಳಕನ್ನು ಹರಿಸಿ, ಎರಡು ಕವಲಾಗಿ ಒಡೆದು, ಒಂದರ ಅಲೆಯನ್ನು ತುಸು ಹಿಂದೆ ಸರಿಸಿ ಮತ್ತೆ ಕೂಡಿಸಿದರೆ, ಹೊರಬರುವ ಬೆಳಕಿನಲ್ಲೇ ಉತ್ತರವಿರುತ್ತದೆ. ಹರಿಯುವುದೇ ಲೆಕ್ಕ! ಈ ಜೋಡಣೆಯ ಹೆಸರು ಮಾಖ್–ಜೆಂಡರ್ ಇಂಟರ್‌ಫೆರೋಮೀಟರ್; ಮೂಲ ಉಪಾಯ 19ನೇ ಶತಮಾನದ ಕೊನೆಯದು. 2017ರಲ್ಲಿ ಅಮೆರಿಕದ ಎಂಐಟಿ ತಂಡ ಅಂಥ 56 ಘಟಕಗಳ ಚಿಪ್‌ನಿಂದ ಮಾತಿನಲ್ಲಿನ ಸ್ವರಾಕ್ಷರಗಳ ಧ್ವನಿಗಳನ್ನು ಗುರುತಿಸಿ ತೋರಿಸಿತು. ನಿಖರತೆ ಸುಮಾರು ಶೇ. 77. ಅದೇ ಕೆಲಸಕ್ಕೆ ಸಾಮಾನ್ಯ ಕಂಪ್ಯೂಟರ್ ಶೇ. 92ರ ಹತ್ತಿರ ತಲುಪಿತ್ತು.

ತೊಡಕು ಬೇರೆಡೆ ಇದೆ. ನ್ಯೂರಲ್ ನೆಟ್‌ವರ್ಕ್‌ನ ಲೆಕ್ಕ ಪದರ ಪದರವಾಗಿ ನಡೆಯುತ್ತದೆ; ಒಂದು ಪದರದಿಂದ ಇನ್ನೊಂದಕ್ಕೆ ಹೋಗುವಾಗ ಬರೀ ಗುಣಾಕಾರ ಸಾಲದು. ಅಲ್ಲಿ ಬೇಕಾದ ತಿರುವನ್ನು, ಅಂದರೆ ಒಳಬಂದದ್ದಕ್ಕೆ ಸಮಪ್ರಮಾಣದಲ್ಲಿಲ್ಲದ ಉತ್ತರವನ್ನು, ಬೆಳಕೊಂದರಿಂದಲೇ ಪಡೆಯುವುದು ಕಷ್ಟ. ನಡುವೆ ವಿದ್ಯುತ್ತಿಗೆ ಇಳಿಸಿ ಮತ್ತೆ ಬೆಳಕಿಗೆ ಏರಿಸಿದರೆ ಉಳಿತಾಯದ ಒಂದು ಪಾಲು ಅಲ್ಲಿಯೇ ಕರಗುತ್ತದೆ.

ಡೊಂಬಿವಲಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು, “ಮಾಮ, ಹಾಗಾದರೆ ನಾನು ಲೇಸರ್ ಕಲಿಯಲೇ?” ಎಂದು ಕೇಳಿದಳು. ಖಂಡಿತ ಕಲಿ ಎಂದಿದ್ದೇನೆ. ಆ ಏರಿಳಿತದ ಖರ್ಚು ತಗ್ಗಿಸುವ ಕೆಲಸ ಇನ್ನೂ ಬೇಕಾದಷ್ಟು ಬಾಕಿಯಿದೆ.